ಪಂಪನ ಸಾಲು, ನಾರಣಪ್ಪನ ದನಿ

ಈ ಸಲದ ರಾಜ್ಯೋತ್ಸವದ ಬ್ಯಾನರ್ ಮೇಲೆ ಏನು ಬರೆಸೋಣ ಅಂತ ಸಮಿತಿಯಲ್ಲಿ ಮಾತು ಬಂತು. ಚರ್ಚೆಯೇನೂ ಆಗಲಿಲ್ಲ. 'ಆರಂಕುಸವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ.' ಯಾರು ಅಂಕುಶದಿಂದ ತಿವಿದರೂ ನನ್ನ ಮನಸ್ಸು ಬನವಾಸಿ ನಾಡನ್ನೇ ನೆನೆಯುತ್ತದೆ ಅಂತ ಪಂಪ ಹೇಳಿದ ಸಾಲು. ಪ್ರತಿ ವರ್ಷ ಅದೇ. ಊರು ಬಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಸಾಲು ಎಲ್ಲಿ ಸಿಗಬೇಕು? ಪಂಪನಿಗೆ ಆಶ್ರಯ ಕೊಟ್ಟಿದ್ದ ಅರಿಕೇಸರಿ ಆಳಿದ್ದು ವೇಮುಲವಾಡದಿಂದ. ಆ ಊರು ಈಗ ತೆಲಂಗಾಣದಲ್ಲಿದೆ. ಬನವಾಸಿ ಪಂಪನಿಗೂ ದೂರವೇ.

ಸಭೆ ಮುಗಿದು ಕಾಫಿ ಕುಡಿಯುವಾಗ ಹಿರಿಯರೊಬ್ಬರು ಕೇಳಿದರು: "ಎಲ್ಲ ಸರಿ, ಆದರೆ ನಮ್ಮೊಳಗೆ ಜಾಸ್ತಿ ಉಳಿದವನು ಪಂಪನೋ ಕುಮಾರವ್ಯಾಸನೋ?"

ಪಂಪ ಮೊದಲು ಉಳಿದದ್ದು ಕವಿಗಳಲ್ಲಿ. 941ರ ಸುಮಾರಿಗೆ ಅವನು ಬರೆದ ಭಾರತದ ಕೊನೆಯ ಭಾಗವನ್ನೇ ಹಿಡಿದು ರನ್ನ 'ಗದಾಯುದ್ಧ' ಕಟ್ಟಿದ. ನಾಗಚಂದ್ರ ತನ್ನನ್ನು ಅಭಿನವ ಪಂಪ ಅಂತಲೇ ಕರೆದುಕೊಂಡ. ಆದರೆ ಗದ್ಯ ಪದ್ಯ ಬೆರೆತ ಹಳಗನ್ನಡದ ಚಂಪೂ, ನೋಡಿ. ಬಿಡಿಸಿ ಹೇಳಲು ಮೇಷ್ಟ್ರು ಬೇಕು.

ಕುಮಾರವ್ಯಾಸನಿಗೆ, ಅಂದರೆ ನಮ್ಮ ಗದುಗಿನ ನಾರಣಪ್ಪನಿಗೆ, ಮೇಷ್ಟ್ರು ಬೇಡ, ಕಾವ್ಯವನ್ನು ರಾಗವಾಗಿ ಹಾಡುವ ಗಮಕಿ ಸಾಕು. ಅವನ ಆರು ಸಾಲಿನ ಭಾಮಿನಿ ಷಟ್ಪದಿ ತಾನಾಗಿಯೇ ನಾಲಿಗೆ ಮೇಲೆ ಕೂರುತ್ತದೆ. ನಮ್ಮ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚುವ ಪದ್ಯಗಳು ಮಾತ್ರ ಬಾಯಿಪಾಠ. ಹೇಳುತ್ತಾ ಹೇಳುತ್ತಾ ತಾನೇ ನಗುತ್ತಿದ್ದಳು. ನಾರಣಪ್ಪ ತನ್ನ ಭಾರತವನ್ನು ಹತ್ತು ಪರ್ವಕ್ಕೇ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಪಾಪ, ತಿಮ್ಮಣ್ಣನ ಒಂದು ಪದ್ಯ ನಿಮ್ಮಲ್ಲಿ ಯಾರಿಗಾದರೂ ನೆನಪಿದೆಯಾ?

ಹಾಗಂತ ನನ್ನ ವೋಟು ಪೂರ್ತಿ ಗದುಗಿಗೆ ಅಲ್ಲ. ಕರ್ಣನ ವಿಷಯ ಬಂದಾಗ ನಾನು ತಡವರಿಸುತ್ತೇನೆ. ಪಂಪ ತನ್ನ ದೊರೆಯನ್ನೇ ಅರ್ಜುನನ ಜಾಗದಲ್ಲಿಟ್ಟು ಬರೆದವನು. ಆದರೂ ಕರ್ಣ ಸತ್ತಾಗ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಣ್ಣ, ನೆನೆಯುವುದಾದರೆ 'ಕರ್ಣನಂ ನೆನೆಯ' ಅಂದುಬಿಟ್ಟ. ಅನ್ನ ಹಾಕಿದ ದೊರೆಯ ಎದುರು ಈ ಮಾತು! ಕುಮಾರವ್ಯಾಸನಲ್ಲಿ ಕೃಷ್ಣ ಕರ್ಣನಿಗೆ ಜನ್ಮದ ಗುಟ್ಟು ಹೇಳುತ್ತಾನೆ. 'ಕೊರಳ ಸೆರೆ ಹಿಗ್ಗಿದವು' ಅಂತ ಶುರುವಾಗುವ ಪದ್ಯ ಅಲ್ಲಿದೆ. ಶಾಲೆಯಲ್ಲಿ ಅರ್ಥ ಬರೆದು ಅಂಕ ತೆಗೆದುಕೊಂಡಿದ್ದೆ. ಅಮ್ಮ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದ ರಾತ್ರಿ, ಗಂಟಲು ಕಟ್ಟಿ ಮಾತು ಹೊರಡದೆ ನಿಂತಾಗ ಆ ಮೂರು ಪದ ತಾನಾಗಿ ಬಂದವು. ಪಂಪನನ್ನು ನಾನು ಮೆಚ್ಚುತ್ತೇನೆ. ನಾರಣಪ್ಪ ಮೈಯೊಳಗೇ ಸೇರಿಕೊಂಡಿದ್ದಾನೆ.

ಹಿರಿಯರಿಗೆ ಇದನ್ನೇ ಹೇಳಿದೆ. "ಹಾಗಾದರೆ ಬ್ಯಾನರ್ ಮೇಲೆ ಯಾಕೆ ಅವನಿಲ್ಲ?" ಅಂದರು. ಅವನು ಬ್ಯಾನರಿಗೆ ಒಗ್ಗುವುದಿಲ್ಲ, ಯಾರಾದರೂ ಹಾಡಬೇಕು ಅಂದೆ. ಸರಿ, ಹಾಡಿಸೋಣ ಅಂತ ಅಲ್ಲೇ ತೀರ್ಮಾನ ಆಯಿತು. ಬ್ಯಾನರ್ ಈ ವರ್ಷವೂ ಪಂಪನದೇ. ಆದರೆ ಊಟಕ್ಕೆ ಮುಂಚೆ ಅರ್ಧ ಗಂಟೆ ಗಮಕ ಇರುತ್ತದೆ. ಹಾಡಬಲ್ಲವರು ಬೇಕು. ನಿಮ್ಮ ಮನೆಯ ಅಜ್ಜ ಅಜ್ಜಿಯರ ದನಿ ಹಳೆಯ ಕ್ಯಾಸೆಟ್ಟಿನಲ್ಲಿ ಇದ್ದರೆ ಅದನ್ನೂ ತನ್ನಿ. ಕ್ಯಾಸೆಟ್ ಪ್ಲೇಯರ್ ನನ್ನ ಹತ್ತಿರ ಇದೆ.