ಗೆಳೆಯನಿಗೊಂದು ಪತ್ರ: ನಾವು ನೋಡುವ ‘ಕಿಸ್ಸಾ ಕುರ್ಸಿ ಕಾ’ ಮೊದಲನೆಯದಲ್ಲ

ಕಾರವಾರ

ಪ್ರೀತಿಯ ಗೆಳೆಯಾ,

ಶಿರಸಿಯ ಹುಡುಗರಿಗೆ ‘ಕಿಸ್ಸಾ ಕುರ್ಸಿ ಕಾ’ ಹಿಂದಿ ಸಿನಿಮಾ ತೋರಿಸುತ್ತೇನೆ ಅಂತ ಬರೆದಿದ್ದೀಯ. ಬಹಳ ಖುಷಿಯಾಯಿತು. ಆದರೆ ‘ತುರ್ತು ಪರಿಸ್ಥಿತಿಯಲ್ಲಿ ತಡೆದಿದ್ದರು, ಆಮೇಲೆ ಬಿಟ್ಟರು’ ಅಂದಿದ್ದೀಯಲ್ಲ, ಅದು ಹಾಗಲ್ಲ ಮಾರಾಯಾ. ತಡೆದ ಸಿನಿಮಾ ಹೊರಗೆ ಬರಲೇ ಇಲ್ಲ. ಈಗ ಸಿಗುವುದು 1978ರಲ್ಲಿ ಮತ್ತೆ ಹೊಸದಾಗಿ ತೆಗೆದದ್ದು.

ಮೊದಲನೆಯದನ್ನು ತೆಗೆದಾಗ ಅದರ ನಿರ್ದೇಶಕ ಅಮೃತ್ ನಾಹಟಾ ಆಗ ಆಳುತ್ತಿದ್ದ ಕಾಂಗ್ರೆಸ್ಸಿನದೇ ಸಂಸದ. ಕುರ್ಚಿ ಹಿಡಿಯುವ ಗಂಗಾರಾಮ, ಮಾತು ಬಾರದ ಜನತಾ ಎಂಬ ಹುಡುಗಿ, ಸಂಜಯ್ ಗಾಂಧಿ ತಯಾರಿಸಲು ಹೊರಟಿದ್ದ ‘ಜನರ ಕಾರು’ ಮಾರುತಿಯ ಲೇವಡಿ. ಪ್ರಧಾನಿ ಇಂದಿರಾ ಗಾಂಧಿ ಮತ್ತು ಅವರ ಮಗ ಸಂಜಯ್ ಬಗ್ಗೆ ಅಂತ ದಿಲ್ಲಿಯಲ್ಲಿ ಬಿಡಿಸಿ ಹೇಳಬೇಕಿರಲಿಲ್ಲ. 1975ರ ಏಪ್ರಿಲ್‌ನಲ್ಲಿ ಸೆನ್ಸಾರಿಗೆ ಹೋಯಿತು. ಸರ್ಕಾರ 51 ಆಕ್ಷೇಪ ಎತ್ತಿತು. ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂದಾಗಿತ್ತು. ಪಾತ್ರಗಳೆಲ್ಲ ಕಲ್ಪನೆ ಅಂತ ನಾಹಟಾ ಹೇಳಿದರೆ ಕೇಳುವವರು ಯಾರು?

ಅವರು ಸುಪ್ರೀಂ ಕೋರ್ಟಿಗೆ ಹೋದರು. ಸಿನಿಮಾ ತೋರಿಸಿ, ನಾವೇ ನೋಡುತ್ತೇವೆ ಅಂತ ಕೋರ್ಟು ಹೇಳಿತು. ಪ್ರಿಂಟ್ ಸಿಗುತ್ತಿಲ್ಲ ಎಂದಿತು ಸರ್ಕಾರ. ನೆಗೆಟಿವ್ ಸಮೇತ ಎಲ್ಲವನ್ನೂ ಸರ್ಕಾರವೇ ತರಿಸಿಕೊಂಡಿತ್ತು! ಆಗ ಸಿನಿಮಾ ಅಂದರೆ ಡಬ್ಬಿಯಲ್ಲಿರುವ ರೀಲು, ಅಷ್ಟೇ. ನೆಗೆಟಿವ್ ಹೋದರೆ ಮುಗಿಯಿತು. ಈಗಿನ ಹಾಗೆ ಯಾರದೋ ಫೋನಿನಲ್ಲಿ ಒಂದು ಕಾಪಿ ಉಳಿಯುವ ಕಾಲವಲ್ಲ.

ಆ ರೀಲುಗಳನ್ನು ಗುರ್‌ಗಾಂವ್‌ನ ಮಾರುತಿ ಕಾರ್ಖಾನೆಗೆ ಒಯ್ದು ಸುಟ್ಟರು ಎಂಬುದು ಸಿಬಿಐ ಆರೋಪ. 1979ರಲ್ಲಿ ಸಂಜಯ್ ಗಾಂಧಿಗೂ, ವಾರ್ತಾ ಮಂತ್ರಿಯಾಗಿದ್ದ ವಿ. ಸಿ. ಶುಕ್ಲಾ ಅವರಿಗೂ ದಿಲ್ಲಿಯ ನ್ಯಾಯಾಲಯ 2 ವರ್ಷ ಶಿಕ್ಷೆ ಕೊಟ್ಟಿತು. 1980ರಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು. ಇದನ್ನೂ ಹೇಳು. ಹುಡುಗರ ಮುಂದೆ ಅರ್ಧ ಕತೆ ಬೇಡ.

ನಮ್ಮ ಕಡೆ ಹಿರಿಯರು ಆ ದಿನಗಳೆಂದರೆ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ಜೈಲಿಗೆ ಹೋದದ್ದನ್ನೇ ಹೇಳುತ್ತಾರೆ. ಈ ಸಿನಿಮಾದ ಸುದ್ದಿ ಯಾರ ಬಾಯಲ್ಲೂ ಇಲ್ಲ. ನೋಡದೇ ಇದ್ದದ್ದನ್ನು ನೆನಪಿಡುವುದಾದರೂ ಹೇಗೆ ಅಲ್ವಾ? ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ.

1978ರದ್ದೂ ನೋಡಬೇಕಾದದ್ದೇ. ಜನತಾ ಆಗಿ ಶಬಾನಾ ಆಜ್ಮಿ ಇದ್ದಾರೆ. ಆದರೆ ಅದು ಇಂದಿರಾ ಗಾಂಧಿ ಚುನಾವಣೆ ಸೋತ ಮೇಲೆ ಬಂದದ್ದು. ಅವರು ಅಧಿಕಾರದಲ್ಲಿದ್ದಾಗಲೇ ಅವರ ಪಕ್ಷದವನೇ ತೆಗೆದ ಸಿನಿಮಾದ ಧೈರ್ಯವೇ ಬೇರೆ. ಎರಡನ್ನೂ ಒಂದೇ ಅಂದರೆ ಸುಟ್ಟದ್ದು ಲೆಕ್ಕಕ್ಕೇ ಇಲ್ಲದ ಹಾಗಾಗುತ್ತದೆ.

ಹಾಗಾಗಿ ಶುರು ಮಾಡುವ ಮೊದಲು ಎದ್ದು ನಿಂತು ಇಷ್ಟು ಹೇಳಿಬಿಡು. ಪೋಸ್ಟರಿನಲ್ಲೂ 1978 ಅಂತ ದಪ್ಪಕ್ಷರದಲ್ಲಿ ಹಾಕಿಸು. ತಾರೀಕು ತಿಳಿಸು, ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತಿ ನಾನೂ ಬರುತ್ತೇನೆ.

ನಿನ್ನ ಗೆಳೆಯ