ಒಲೆ ಉರಿಯದ ಅಡುಗೆಮನೆಯ ಕಥೆಗಳು

ಮಾನ್ಯ ಸಂಪಾದಕರೇ,

ಊಟ ಮತ್ತು ಹೆಣ್ಣು ಎಂಬ ವಸ್ತುವಿನ ಸುತ್ತ ಹೆಣೆದ ಸಣ್ಣಕಥೆಗಳ ಸಂಕಲನವೊಂದನ್ನು ಆಸೆಯಿಂದ ಓದಿದೆ. ತೀವ್ರ ನಿರಾಸೆಯಾಯಿತು. ಹೆಸರು ಬದಲಾದರೂ ಅದೇ ತಾಯಿ, ಅದೇ ಕೈರುಚಿ, ಅದೇ ಕಣ್ಣೀರು. ಬೇಯಿಸುವವಳಿಗೆ ಹಸಿವಾಗುವುದೇ ಇಲ್ಲ!

ಒಂದು ಕಥೆಯ ನಾಯಕಿ ಎರಡೇ ನಿಮಿಷದಲ್ಲಿ ಈರುಳ್ಳಿಯನ್ನು ಕಂದುಬಣ್ಣಕ್ಕೆ ಹುರಿದು, ಕೈ ಒರೆಸಿಕೊಂಡು, ಗಂಡನ ಪತ್ರ ಓದಲು ಕೂರುತ್ತಾಳೆ. ದಿನವೂ ಒಲೆಯ ಮುಂದೆ ನಿಲ್ಲುವ ನನಗೆ ಸಿಟ್ಟೇ ಬಂತು. ಸಣ್ಣ ಉರಿಯಲ್ಲಿ ಆ ಬಣ್ಣ ಬರಲು ಅರ್ಧ ಗಂಟೆಯಾದರೂ ಬೇಕು. ಈರುಳ್ಳಿ ಮೊದಲು ನೀರು ಬಿಡಬೇಕು, ಆ ನೀರು ಆರಬೇಕು, ಬಣ್ಣ ಆಮೇಲಿನ ಮಾತು. ಸೌಟು ಕೈಬಿಟ್ಟರೆ ತಳ ಹಿಡಿಯುತ್ತದೆ. ಆ ಅರ್ಧ ಗಂಟೆ ಅವಳ ತಲೆಯಲ್ಲಿ ಏನು ಓಡುತ್ತಿತ್ತು ಎಂಬುದೇ ಕಥೆಯಲ್ಲವೇ? ಲೇಖಕರು ಘಮಘಮದ ವರ್ಣನೆಯಲ್ಲಿ ಪುಟ ತುಂಬಿಸಿದ್ದಾರೆ.

ಅಡುಗೆಯನ್ನು ದ್ವೇಷಿಸುವವಳು, ಸಂಬಳಕ್ಕಾಗಿ ಬೇರೆಯವರ ಮನೆಯಲ್ಲಿ ಬೇಯಿಸುವವಳು, ತನಗೊಬ್ಬಳಿಗೇ ಬೇಕಾದುದನ್ನು ಮಾಡಿಕೊಂಡು ತೃಪ್ತಿಯಿಂದ ಉಣ್ಣುವವಳು ಇಲ್ಲಿ ಎಲ್ಲಿಯೂ ಕಾಣುವುದಿಲ್ಲ. ನಾಲಿಗೆಯ ರುಚಿ ಕಳೆದುಕೊಂಡ ಮುದುಕಿ ಬೆರಳ ಅಂದಾಜಿನಲ್ಲೇ ಉಪ್ಪು ಹಾಕುವ ಕಥೆಯೊಂದೇ ಜೀವಂತವಾಗಿದೆ. ಅದನ್ನೂ ಕೊನೆಗೆ ತಳ್ಳಿದ್ದಾರೆ. ಮರುಮುದ್ರಣವಾದರೆ ಅದನ್ನು ಮೊದಲಿಗಿಡಲಿ.

– ಓದುಗರೊಬ್ಬರು