ಮಗಳಿಗೊಂದು ಪತ್ರ: ಕೆಳಗಿನ ಗದ್ದೆಯ ವಿಷಯ

ಪುಟ್ಟೀ,

ನೀನು ಹೋಗಿ ಒಂಬತ್ತು ದಿನ ಆಯ್ತು. ಫೋನ್ ಬಂದರೆ ಅಮ್ಮನ ಹತ್ತಿರ ಮಾತಾಡಿ ಇಟ್ಟುಬಿಡುತ್ತೀಯ. ಬಾಯಲ್ಲಿ ಹೇಳಲು ಹೋದರೆ ನಾನೂ ಮತ್ತೆ ಜಗಳಕ್ಕೇ ನಿಲ್ಲುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಳಗಿನ ಗದ್ದೆ ಮಾರುವ ವಿಷಯಕ್ಕೆ ಅವತ್ತು ಆದ ಜಗಳದಲ್ಲಿ ಯಾರು ಏನಂದರು ಅಂತ ಮತ್ತೆ ಕೆದಕುವುದು ಬೇಡ, ಇಬ್ಬರಿಗೂ ನೆನಪಿದೆ. ಆದರೆ ನಾನಂದ ಒಂದು ಮಾತು ಮಾತ್ರ ಬಿಡುವ ಹಾಗಿಲ್ಲ. 'ಈ ಮನೆ ಅನ್ನ ತಿಂದು ಓದಿ, ಈ ಮನೆಯವರನ್ನೇ ಪ್ರಶ್ನೆ ಮಾಡ್ತೀಯಾ' ಅಂದೆ. ಅನ್ನುವಾಗ ಹೊಳೆಯಲಿಲ್ಲ. ರಾತ್ರಿ ಮಲಗಿದ ಮೇಲೆ ಹೊಳೆಯಿತು, ಅದು ನಿನ್ನ ಅಜ್ಜನ ಮಾತು. ಅವರು ಹಾಗಂದಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಯಾರಿಗೆ ಅಂದಿದ್ದು ಅಂತ ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ.

1976. ನನಗೆ ಹನ್ನೊಂದು ವರ್ಷ. ಊರಿನಲ್ಲಿ ಎಲ್ಲಿ ನೋಡಿದರೂ ಡಿಕ್ಲರೇಷನ್ನಿನದೇ, ಅಂದರೆ ಗೇಣಿ ಜಮೀನಿಗೆ ಅರ್ಜಿ ಹಾಕುವುದರದೇ ಮಾತು. ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ ಕಾನೂನು ಬಂದಿತ್ತು, ಗೇಣಿ ಜಮೀನೆಲ್ಲ 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತ್ತು, ಉಳುವವನು ಫಾರಂ ಏಳು ತುಂಬಿ ಕೊಟ್ಟರೆ ಜಮೀನು ಅವನದು. ಕೆಳಗಿನ ಗದ್ದೆ, ಎರಡು ಎಕರೆ ಹತ್ತು ಗುಂಟೆ, ನಮ್ಮ ಗೇಣಿದಾರರು ಉಳುತ್ತಿದ್ದರು. ಅವರಿಗೆ ಅಪ್ಪಯ್ಯನಿಗಿಂತ ಜಾಸ್ತಿ ವಯಸ್ಸು. ಆದರೂ ನಾನು, ಹನ್ನೊಂದು ವರ್ಷದ ಹುಡುಗ, ಅವರನ್ನು 'ಏ ಬಾರೋ' ಅನ್ನುತ್ತಿದ್ದೆ. ಯಾರೂ ತಪ್ಪು ಅಂತ ಹೇಳಿರಲಿಲ್ಲ.

ಒಂದು ಸಂಜೆ ಅಪ್ಪಯ್ಯ ಅವರನ್ನು ಕರೆಸಿದರು. ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು, ಅವರು ಅಂಗಳದಲ್ಲಿ ನಿಂತಿದ್ದರು. ದೇವರ ದೀಪ ಮುಟ್ಟಿ ಆಣೆ ಮಾಡಬೇಕು, ಆದರೆ ಅವರು ಒಳಗೆ ಬರುವ ಹಾಗಿಲ್ಲ, ಹಾಗಾಗಿ ದೀಪವೇ ಅಂಗಳಕ್ಕೆ ಬಂತು. ತಂದವನು ನಾನು. ಗಾಳಿಗೆ ಆರಬಾರದು ಅಂತ ಅಂಗೈ ಅಡ್ಡ ಹಿಡಿದು ಹುಷಾರಾಗಿ ಮೆಟ್ಟಿಲಿಳಿದು ಬಂದೆ. 'ನಮ್ಮ ಅನ್ನ ತಿಂದವನು ನೀನು, ಅರ್ಜಿ ಹಾಕಲ್ಲ ಅಂತ ದೀಪ ಮುಟ್ಟಿ ಹೇಳು. ನಾನೂ ಹೇಳ್ತೇನೆ, ನಿನ್ನ ಮಕ್ಕಳ ಕಾಲಕ್ಕೂ ಗದ್ದೆ ಬಿಡಿಸಲ್ಲ' ಅಂದರು ಅಪ್ಪಯ್ಯ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೈ ಒರೆಸಿಕೊಂಡರು. ಮತ್ತೊಂದು ಸಲ ಒರೆಸಿಕೊಂಡರು. ಬೆರಳ ಸಂದಿನಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಅದು ಒರೆಸಿದರೆ ಹೋಗುವಂಥದ್ದಲ್ಲ. ದೀಪ ಮುಟ್ಟುವಾಗ ಅವರು ಅಪ್ಪಯ್ಯನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ದೀಪ ಹಿಡಿದವನು ನಾನಲ್ವಾ.

ಅವರು ಅರ್ಜಿ ಹಾಕಲಿಲ್ಲ. 1979ರ ಜೂನ್ 30ರ ಕೊನೆಯ ಗಡುವೂ ಮುಗಿಯಿತು. ಆಮೇಲೆ ನಾಲ್ಕು ವರ್ಷಕ್ಕೆ ಅವರು ತೀರಿಕೊಂಡರು. ಮುಂದಿನ ಬೇಸಿಗೆಯಲ್ಲಿ ಅಪ್ಪಯ್ಯ ಅವರ ಮಗನಿಂದ ಗದ್ದೆ ಬಿಡಿಸಿಕೊಂಡು ಅಡಿಕೆ ಹಾಕಿದರು. ಆ ಅಡಿಕೆಯಲ್ಲೇ ನೀನು ಓದಿದ್ದು.

'ಪಹಣಿ ನಮ್ಮ ಹೆಸರಲ್ಲಿದೆ, ಕಾನೂನು ನಮ್ಮ ಕಡೆ ಇದೆ' ಅಂತ ಅವತ್ತು ನಾನು ಕೂಗಿದ್ದು ಇದೇ ಎರಡು ಎಕರೆ ಹತ್ತು ಗುಂಟೆಗೆ. ಅದಕ್ಕೆ ನೀನು ಅಂದೆ, 'ಕಾನೂನು ಅಂದರೆ ಬಲ ಇದ್ದವರು ಬರೆದದ್ದು, ನೀತಿ ಅಂದರೆ ಜಾಸ್ತಿ ಜನ ಒಪ್ಪಿಕೊಂಡದ್ದು, ಅಷ್ಟೇ ಅಪ್ಪ.' ಅರ್ಧ ಒಪ್ಪುತ್ತೇನೆ. ಗದ್ದೆ ಅದೇ, ಮಣ್ಣು ಅದೇ. 1973ರಲ್ಲಿ ಒಡೆಯನದು, 1974ರಲ್ಲಿ ಉಳುವವನದು. ಕೃಷಿಕರಲ್ಲದವರು ಕೊಳ್ಳುವ ಹಾಗಿಲ್ಲ ಅಂತ ಅದೇ ಕಾನೂನಿನಲ್ಲಿ 79ಎ, 79ಬಿ ಕಲಂ ಇದ್ದವು, 2020ರಲ್ಲಿ ಅವನ್ನೂ ತೆಗೆದರು, ಈಗ ಗದ್ದೆ ಕೊಳ್ಳಲು ಬೆಂಗಳೂರಿನ ಪಾರ್ಟಿ ನಮ್ಮ ಬಾಗಿಲಿಗೆ ಬಂದಿದೆ. ವಿಧಾನಸೌಧದಲ್ಲಿ ಕೂತವರು ಬದಲಾದ ಹಾಗೆ ಗದ್ದೆಯ ನ್ಯಾಯವೂ ಬದಲಾಗಿದೆ, ನಿಜ. ಆ ಕಾನೂನು ಬರೆದವರಿಗೂ ಬಲ ಅಂದರೇನು ಅಂತ ಚೆನ್ನಾಗಿ ಗೊತ್ತಿತ್ತು. ಗೇಣಿದಾರರ ಅರ್ಜಿ ವಿಚಾರಣೆ ಮಾಡುವ ಭೂನ್ಯಾಯ ಮಂಡಳಿಯ ಮುಂದೆ ಆಗ ವಕೀಲರನ್ನೇ ಬಿಡುತ್ತಿರಲಿಲ್ಲ. ದುಡ್ಡಿದ್ದವನ ಕಡೆಗೇ ವಕೀಲ ನಿಲ್ಲುತ್ತಾನೆ ಅಂತಲೇ ಇರಬೇಕು. ವಕೀಲೆ ನೀನು, ಇದನ್ನು ನೆನಪಿಟ್ಟುಕೋ.

ಇನ್ನರ್ಧ ನನಗೆ ಒಪ್ಪಿಗೆಯಿಲ್ಲ. ನಮ್ಮ ತಾಲ್ಲೂಕಿನ ಕಾಗೋಡಿನದನ್ನೇ ನೋಡು. 1951ರಲ್ಲಿ ಅಲ್ಲಿ ಜಗಳ ಹುಟ್ಟಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಕೊಳಗ ಎಷ್ಟು ದೊಡ್ಡದಿರಬೇಕು ಅಂತ ಹೇಳುವವನು ಒಡೆಯ, ಅಳೆದು ಕೊಡುವವನು ಉಳುವವನು. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಸಮಾಜವಾದಿಗಳು ಸೇರಿಕೊಂಡರು, ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕಾನೂನು, ಪೊಲೀಸು ಎಲ್ಲ ಒಡೆಯರ ಕಡೆ. ನಮ್ಮ ಜಗಲಿಯಲ್ಲಿ ಕೂರುವವರೆಲ್ಲ ಆ ರೈತರಿಗೆ ಅನ್ನದ ಋಣ ಇಲ್ಲ ಅಂತಲೇ ಹೇಳುತ್ತಿದ್ದರು. ಹಾಗಾದರೆ 1951ರಲ್ಲಿ ಅವರದು ತಪ್ಪಾಗಿತ್ತಾ? 1974ರ ಮಾರ್ಚ್ 1ರ ಬೆಳಿಗ್ಗೆ ಎದ್ದಾಗ ಸರಿಯಾಗಿಬಿಟ್ಟಿತಾ? ಇಷ್ಟು ದಿನದಲ್ಲಿ ಎಷ್ಟು ಸಲ ಯೋಚಿಸಿದರೂ ಹೌದು ಅನ್ನಲು ನನ್ನಿಂದ ಆಗುತ್ತಿಲ್ಲ.

ಆ ರೈತರೊಳಗೇ ಒಂದು ಒಪ್ಪಂದ ಇತ್ತು, ಅದೇ ಬೆಳೆದು ಕಾನೂನಾಯ್ತು ಅಂತ ನೀನು ಹೇಳಬಹುದು. ಆಯ್ತು. ಆದರೆ ಅಪ್ಪಯ್ಯನಿಗೆ ದೀಪ ಯಾಕೆ ಬೇಕಾಯ್ತು ಹೇಳು. ಗದರಿಸಿದ್ದರೆ ಸಾಕಿತ್ತು, ಬಲ ಇತ್ತಲ್ಲ. ಎದುರಿಗಿದ್ದವರು ಬಲಕ್ಕಿಂತ ಮಾತಿಗೆ ಹೆಚ್ಚು ಕಟ್ಟುಬೀಳುವ ಮನುಷ್ಯ ಅಂತ ಗೊತ್ತಿದ್ದೇ ದೀಪ ತರಿಸಿದರು. ಅವರು ಮಾತು ಉಳಿಸಿಕೊಂಡರು, ನಾವು ಉಳಿಸಿಕೊಳ್ಳಲಿಲ್ಲ. ಇದಕ್ಕೆ ಯಾವ ಕಾನೂನು ಬೇಕು? ಇನ್ನು ನಾನು. ಮನೆಯವರು, ನೆಂಟರು, ಊರ ಹಿರಿಯರು ಎಲ್ಲ ಸರಿ ಅಂದದ್ದಕ್ಕೆ ದೀಪ ಹಿಡಿದ ಹುಡುಗ. ತಪ್ಪು ಅಂತ ಒಬ್ಬರ ಬಾಯಲ್ಲೂ ಕೇಳಿರಲಿಲ್ಲ. ಆದರೂ ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ, ಹೊಟ್ಟೆನೋವು ಅಂತ ಸುಳ್ಳು ಹೇಳಿ ಮಲಗಿದೆ. ಅದು ಎಲ್ಲಿಂದ ಬಂತು ಅಂತ ನನಗೆ ಈಗಲೂ ಗೊತ್ತಿಲ್ಲ. ದೇವರೋ, ಮನಸ್ಸಾಕ್ಷಿಯೋ, ಬರೀ ಕನಿಕರವೋ, ನಿನ್ನಷ್ಟು ಓದಿದವನಲ್ಲ ನಾನು. ಒಪ್ಪಂದದಿಂದ ಬಂದದ್ದಂತೂ ಅಲ್ಲ, ಯಾಕೆಂದರೆ ಒಪ್ಪಂದವೆಲ್ಲ ಇನ್ನೊಂದು ಕಡೆ ಇತ್ತು.

ನನಗೆ ಹೆದರಿಕೆ ಇರುವುದು ನಿನ್ನ ಬಗ್ಗೆ. ಎಲ್ಲ ಬಲವೇ ಅಂತ ಇವತ್ತು ಸಿಟ್ಟಿಗೆ ಹೇಳುತ್ತೀಯ, ಹತ್ತು ವರ್ಷ ಕೋರ್ಟು ಸುತ್ತಿದ ಮೇಲೆ ಅದನ್ನೇ ಬೇಸರಕ್ಕೆ ಹೇಳಬೇಡ. ಬಲ ಇರುವ ಕಡೆ ಸುಮ್ನೆ ಹೋಗಿ ನಿಂತುಬಿಡುವವರು ಹಾಗೆ ಹೇಳುತ್ತಲೇ ನಿಲ್ಲುತ್ತಾರೆ. ಫೀಸು ಕೊಡಲಾಗದವರನ್ನು ಕಾಯಿಸಬೇಡ. ವಯಸ್ಸಾದವರು ಯಾರೇ ಬರಲಿ, ಬಹುವಚನದಲ್ಲಿ ಮಾತಾಡಿಸು. ನೋಡು, ಮತ್ತೆ ಬುದ್ಧಿ ಹೇಳಲು ಶುರು ಮಾಡಿದೆ. ಪ್ರಶ್ನೆ ಕೇಳಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಐವತ್ತು ವರ್ಷ ನನ್ನ ಬಾಯಲ್ಲಿ ಬಾರದ ಪ್ರಶ್ನೆಯನ್ನು ನನ್ನ ಮಗಳು ಕೇಳಿದಳು ಅಂತ ಹೆಮ್ಮೆಯೇ ಇದೆ. ಅನ್ನದ ಮಾತು ಎತ್ತಿದ್ದು ತಪ್ಪಾಯ್ತು, ಕ್ಷಮಿಸು.

ಬೆಂಗಳೂರಿನವರಿಂದ ಮುಂಗಡ ತೆಗೆದುಕೊಂಡಿಲ್ಲ. ಮೊನ್ನೆ ನಮ್ಮ ಆ ಗೇಣಿದಾರರ ಮಗನ ಮನೆಗೆ ಹೋಗಿದ್ದೆ. ನನ್ನನ್ನು ನೋಡಿ ಕುರ್ಚಿಯಿಂದ ಎದ್ದು 'ಒಡೇರು ಬಂದ್ರು' ಅಂತ ಒಳಗೆ ಕೂಗಿ ಹೇಳಿದರು. ಅವರಿಗೂ ಎಪ್ಪತ್ತಾಗಿದೆ. ಕೊಟ್ಟ ಚಹಾ ಕುಡಿದೆ, ಮಳೆಯ ಬಗ್ಗೆ, ಕೊಳೆ ರೋಗದ ಬಗ್ಗೆ ಮಾತಾಡಿದೆ, ಹೋದ ವಿಷಯ ಬಾಯಿಂದ ಹೊರಡಲೇ ಇಲ್ಲ, ಎದ್ದು ಬಂದೆ. ಅವರಿಗೆ ಎಷ್ಟು ಕೊಡಬೇಕು, ಹೇಗೆ ಬರೆದುಕೊಡಬೇಕು ಅಂತ ನನಗೆ ತಿಳಿಯುತ್ತಿಲ್ಲ. ನಿನ್ನ ಚಿಕ್ಕಪ್ಪ ಒಪ್ಪುವುದು ಕಷ್ಟ, ಅಮ್ಮನಿಗೆ ಇನ್ನೂ ಹೇಳಿಲ್ಲ.

ಶನಿವಾರ ಬರಲು ಆಗುತ್ತಾ? ಅವರ ಮನೆಗೆ ಇಬ್ಬರೂ ಹೋಗೋಣ. ರಾತ್ರಿ ಬಸ್ಸು ಬೇಡ, ರೈಲಿಗೆ ಬಾ, ಸ್ಟೇಷನ್ನಿಗೆ ನಾನು ಬರುತ್ತೇನೆ. ನೀನು ಬಿಟ್ಟುಹೋದ ಮಿಡಿ ಉಪ್ಪಿನಕಾಯಿ ಅಲ್ಲೇ ಮೇಜಿನ ಮೇಲಿದೆ. ಯಾರೂ ಮುಟ್ಟಿಲ್ಲ.

ನಿನ್ನ
ಅಪ್ಪ